ಮುಟ್ಟು ನಿಲ್ಲುವ ಹೊತ್ತಿನ ತೊಂದರೆಗೆ ನಮ್ಮೂರ ಡಾಕ್ಟರ್ ಸಾಲದೇ?

ಪ್ರಶ್ನೆ: ನನಗೆ 47 ವರ್ಷ. ಶಿಡ್ಲಘಟ್ಟ ತಾಲ್ಲೂಕಿನವಳು. ಮನೆಯಲ್ಲೇ ರೇಷ್ಮೆ ನೂಲು ಬಿಚ್ಚುವ ಕೆಲಸ. ಏಳು ತಿಂಗಳಿಂದ ಮುಟ್ಟಾಗಿಲ್ಲ. ಅದಕ್ಕೂ ಮುಂಚೆ ಒಂದು ವರ್ಷ ಹಿಂದೆಮುಂದೆ ಆಗುತ್ತಿತ್ತು. ಈಗ ದಿನಕ್ಕೆ ಎಂಟು ಹತ್ತು ಸಲ ಎದೆಯಿಂದ ತಲೆವರೆಗೂ ಝಳ ಹೊಡೆದ ಹಾಗಾಗಿ ಬೆವರು ಸುರಿಯುತ್ತದೆ. ಗೂಡು ಬೇಯಿಸುವಾಗ ಹಬೆ ಮುಖಕ್ಕೆ ಬಡಿದರೆ ನಿಲ್ಲಲಿಕ್ಕೇ ಆಗುವುದಿಲ್ಲ. ಫ್ಯಾನ್ ಹಾಕಿದರೆ ಎಳೆ ಹಾರುತ್ತದೆ ಅಂತ ಹಾಕುವ ಹಾಗಿಲ್ಲ. ರಾತ್ರಿ ರವಿಕೆ ಒದ್ದೆಯಾಗಿ ಎದ್ದು ಕೂರುತ್ತೇನೆ. ಎದೆ ಡವಡವ ಅನ್ನುತ್ತದೆ. ಸಣ್ಣದಕ್ಕೂ ಸಿಟ್ಟು, ಆಮೇಲೆ ಅಳು. ಮಂಡಿ, ಸೊಂಟ ನೋವು. ಯಜಮಾನರ ಜೊತೆ ಸೇರುವಾಗಲೂ ಉರಿ, ನೋವು. ಇದನ್ನು ಯಾರ ಹತ್ತಿರವೂ ಹೇಳಿಕೊಂಡಿಲ್ಲ. ಎರಡು ವರ್ಷದಿಂದ ಬಿಪಿಗೆ ಆಮ್ಲೋಡಿಪಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ನಮ್ಮ ಮನೆಯವರೆಲ್ಲ ಮೊದಲಿನಿಂದಲೂ ತೋರಿಸುವ ಡಾಕ್ಟರ್ ಇಸಿಜಿ ಮಾಡಿಸಿ, ಸರಿಯಾಗಿದೆ, ವಯಸ್ಸಾಯ್ತಲ್ಲಮ್ಮ, ಸಹಜ ಅಂದರು. ಬಿ ಕಾಂಪ್ಲೆಕ್ಸ್, ಕ್ಯಾಲ್ಸಿಯಂ, ನಿದ್ದೆಗೆ ಅರ್ಧ ಮಾತ್ರೆ ಬರೆದುಕೊಟ್ಟರು. ನನ್ನ ಓರಗಿತ್ತಿ 38ಕ್ಕೇ ಗರ್ಭಕೋಶ ತೆಗೆಸಿದ್ದಾಳೆ, ‘ನೀನೂ ತೆಗೆಸಿಬಿಡು, ರಗಳೆ ಮುಗೀತದೆ’ ಅನ್ನುತ್ತಾಳೆ. ಪಕ್ಕದ ಮನೆಯವರು ಹಾರ್ಮೋನ್ ಮಾತ್ರೆ ತಗೊಂಡರೆ ಕ್ಯಾನ್ಸರ್ ಬರುತ್ತೆ ಅಂದರು. ಬೆಂಗಳೂರಿಗೆ ಹೋಗಿ ದೊಡ್ಡ ಡಾಕ್ಟರಿಗೆ ತೋರಿಸೋಣ ಅಂದರೆ ಒಂದು ದಿನದ ಕೆಲಸ, ಫೀಸು, ಸ್ಕ್ಯಾನಿಂಗ್ ಎಲ್ಲ ಸೇರಿ ಕೈಗೆಟುಕುವುದಿಲ್ಲ. ನಮ್ಮ ಊರಿನ ಡಾಕ್ಟರ್ ಹತ್ತಿರವೇ ಇದಕ್ಕೆ ಔಷಧಿ ಸಿಗುವುದಿಲ್ಲವೇ? ಅವರು ಗಂಡಸು, ಹೇಗೆ ಕೇಳುವುದು?

ಉತ್ತರ: ಇದು ರೋಗವೋ ವಯಸ್ಸೋ ಅನ್ನುವ ಚಿಂತೆ ನಿಮಗಿದೆ. ಗರ್ಭಕೋಶದ ಬಗ್ಗೆ, ಹಾರ್ಮೋನ್ ಬಗ್ಗೆ ಕೇಳಿದ ಮಾತುಗಳ ಭಯ ಇದೆ. ಎಲ್ಲಿಗೆ ಹೋಗಬೇಕು ಅನ್ನುವ ಗೊಂದಲ ಇದೆ. ಕೊನೆಯದಕ್ಕೆ ಮೊದಲು ಉತ್ತರ ಹೇಳಿಬಿಡುತ್ತೇನೆ. ನೀವು ಬರೆದಿರುವ ತೊಂದರೆಗಳಿಗೆ ಬೆಂಗಳೂರು ಬೇಕಿಲ್ಲ. ಇದರ ಬಹುಪಾಲನ್ನು ಒಬ್ಬ ಎಂಬಿಬಿಎಸ್ ಡಾಕ್ಟರ್ ನೋಡಿಕೊಳ್ಳಬಹುದು, ನೋಡಿಕೊಳ್ಳಬೇಕು. ಕುಟುಂಬ ವೈದ್ಯೆಯಾಗಿ ಈ ಕಡೆಯ ಹೆಂಗಸರನ್ನೇ ನೋಡುತ್ತಾ ಬಂದವಳು ನಾನು. ಧೈರ್ಯವಾಗಿ ಇದನ್ನು ಹೇಳಬಲ್ಲೆ.

ಮೊದಲು ಒಳಗೆ ಏನಾಗುತ್ತಿದೆ ನೋಡೋಣ. ಅಂಡಾಶಯಗಳು ಈಸ್ಟ್ರೋಜನ್ ಎನ್ನುವ ಹಾರ್ಮೋನನ್ನು ತಯಾರಿಸುತ್ತವೆ. 40 ದಾಟಿದ ಮೇಲೆ ಅದು ಏರುಪೇರಾಗಿ, ಕೊನೆಗೆ ತೀರಾ ಕಡಿಮೆಯಾಗುತ್ತದೆ. ಮೆದುಳಿನಲ್ಲಿ ಮೈಯ ಬಿಸಿಯನ್ನು ಹದವಾಗಿ ಇಡುವ ಒಂದು ಜಾಗ ಇದೆ. ಈಸ್ಟ್ರೋಜನ್ ಇಳಿದಾಗ ಆ ಜಾಗ ಅತಿ ಸೂಕ್ಷ್ಮವಾಗುತ್ತದೆ. ನಿಮಗೆ ರೇಷ್ಮೆ ಹುಳು ಮನೆ ಗೊತ್ತಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, ಒಂದೆರಡು ಡಿಗ್ರಿ ಆಚೀಚೆ ಆದರೂ ಕಿಟಕಿ ತೆಗೆಯಬೇಕು, ಇಲ್ಲ ಒಲೆ ಹಚ್ಚಬೇಕು. ದೊಡ್ಡ ಹುಳುವಾದರೆ ಅಷ್ಟಿಲ್ಲ, ಸ್ವಲ್ಪ ತಡೆದುಕೊಳ್ಳುತ್ತದೆ. ಈಗ ನಿಮ್ಮ ಮೆದುಳು ನಿಮ್ಮ ಮೈಯನ್ನು ಚಾಕಿ ಹುಳುವಿನಂತೆ ಕಾಯುತ್ತಿದೆ. ಸ್ವಲ್ಪ ಬಿಸಿ ಏರಿದರೂ ಸಾಕು, ಅಪಾಯ ಬಂದಂತೆ ಚರ್ಮದ ರಕ್ತನಾಳಗಳನ್ನೆಲ್ಲ ಹಿಗ್ಗಿಸಿ ಬೆವರು ಹರಿಸುತ್ತದೆ. ಅದೇ ಆ ಝಳ. ಡಾಕ್ಟರುಗಳು ಹಾಟ್ ಫ್ಲಶ್ ಅನ್ನುತ್ತಾರೆ. ಗೂಡಿನ ಹಬೆ, ಬಿಸಿ ಕಾಫಿ, ಖಾರ, ಎಲೆಅಡಿಕೆ ಜೊತೆಗಿನ ಹೊಗೆಸೊಪ್ಪು, ಹೊದ್ದ ಕಂಬಳಿ, ಕೊನೆಗೆ ಒಂದು ಸಿಟ್ಟಿನ ಮಾತು ಕೂಡ ಅದನ್ನು ಎಬ್ಬಿಸಬಹುದು. ನೀವು ಸೋಮಾರಿಯೂ ಅಲ್ಲ, ನಾಟಕವೂ ಅಲ್ಲ. ನೂಲು ಬಿಚ್ಚುವ ಜಾಗದಲ್ಲಿ ಈ ತೊಂದರೆ ಜಾಸ್ತಿ ಆಗುವುದಕ್ಕೆ ಸರಿಯಾದ ಕಾರಣ ಇದೆ.

ಸತತವಾಗಿ 12 ತಿಂಗಳು ಮುಟ್ಟು ಬರದಿದ್ದರೆ ಮುಟ್ಟು ನಿಂತಿತು ಎಂದು ಲೆಕ್ಕ. ನಿಮಗೆ ಏಳು ತಿಂಗಳಾಗಿದೆ. ಅಂದರೆ ನೀವಿನ್ನೂ ಹೊಸ್ತಿಲ ಮೇಲೆ ಇದ್ದೀರಿ. ಮುಂದಿನ ತಿಂಗಳು ಇದ್ದಕ್ಕಿದ್ದಂತೆ ಮುಟ್ಟಾದರೂ ಗಾಬರಿ ಬೇಡ. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ಕ್ಕೆ ಮುಟ್ಟು ನಿಲ್ಲುತ್ತದೆ. ಪಶ್ಚಿಮದ ದೇಶಗಳಲ್ಲಿ 51ರ ಸುಮಾರಿಗೆ. ಹಾಗಾಗಿ ನಿಮಗೆ ಬೇಗ ಆಯಿತು ಎನ್ನುವ ಹಾಗೂ ಇಲ್ಲ. ಇನ್ನೊಂದು ವಿಷಯ. 45 ದಾಟಿದವರಲ್ಲಿ ಇದನ್ನು ಖಚಿತ ಮಾಡಲು ಹಾರ್ಮೋನ್ ರಕ್ತಪರೀಕ್ಷೆ ಬೇಕಿಲ್ಲ. ವಯಸ್ಸು, ಮುಟ್ಟಿನ ಲೆಕ್ಕ, ನೀವು ಹೇಳುವ ಲಕ್ಷಣ, ಇಷ್ಟು ಸಾಕು. ಎಫ್‌ಎಸ್‌ಎಚ್ ಎನ್ನುವ ಈ ಹಾರ್ಮೋನ್ ಟೆಸ್ಟಿಗೆ ಅಂತ ಯಾರಾದರೂ ದುಡ್ಡು ಕೇಳಿದರೆ ‘ಇದು ನನಗೆ ಯಾಕೆ ಬೇಕು’ ಎಂದು ಕೇಳಿ.

ಆದರೆ ಎಲ್ಲವನ್ನೂ ಮುಟ್ಟಿನ ತಲೆಗೆ ಕಟ್ಟಬಾರದು. ನಿಮ್ಮ ಊರಿನ ಡಾಕ್ಟರ್ ಬೆಂಗಳೂರಿನ ತಜ್ಞರಿಗಿಂತ ಉಪಯೋಗಕ್ಕೆ ಬರುವುದು ಇಲ್ಲೇ. ಯಾಕೆಂದರೆ ನಿಮ್ಮ ಇಡೀ ಮೈಯ ಕಥೆ ಅವರಿಗೆ ಗೊತ್ತು. ನಿಮ್ಮ ಬಿಪಿ ಮಾತ್ರೆಯನ್ನೇ ತೆಗೆದುಕೊಳ್ಳಿ. ಆಮ್ಲೋಡಿಪಿನ್ ಒಳ್ಳೆಯ ಮಾತ್ರೆ. ಆದರೆ ಕೆಲವರಿಗೆ ಅದರಿಂದಲೇ ಮುಖ ಕೆಂಪಾಗಿ ಬಿಸಿಯಾಗುತ್ತದೆ, ಎದೆ ಬಡಿತ ಏರುತ್ತದೆ, ಕಾಲು ಊದುತ್ತದೆ. ಝಳ ಹೊಡೆಯುವುದರಲ್ಲಿ ಅದರ ಪಾಲೂ ಇರಬಹುದು. ನೀವಾಗಿಯೇ ನಿಲ್ಲಿಸಬೇಡಿ. ‘ಡಾಕ್ಟ್ರೇ, ಈ ಮಾತ್ರೆ ಬದಲಾಯಿಸಿ ನೋಡಬಹುದಾ’ ಎಂದು ಕೇಳಿ. ಥೈರಾಯ್ಡ್ ಜಾಸ್ತಿಯಾದರೂ ಬೆವರು, ಎದೆಬಡಿತ, ಸಿಟ್ಟು, ನಿದ್ದೆ ಇಲ್ಲದಿರುವುದು ಎಲ್ಲ ಬರುತ್ತದೆ. ಒಂದು ವರ್ಷ ಮುಟ್ಟು ಹಿಂದೆಮುಂದೆ ಆಗುತ್ತಿತ್ತು ಅಂದಿದ್ದೀರಿ. ಆಗ ಹೆಚ್ಚು ಹೋಗಿದ್ದರೆ ರಕ್ತ ಕಡಿಮೆಯಾಗಿ ಅದರಿಂದಲೂ ಎದೆ ಹೊಡೆದುಕೊಳ್ಳುತ್ತದೆ. ಹಾಗಾಗಿ ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಹಿಮೋಗ್ಲೋಬಿನ್, ಸಕ್ಕರೆ, ಈ ಮೂರು ಪರೀಕ್ಷೆ ಮಾಡಿಸಿ. ತಾಲ್ಲೂಕು ಕೇಂದ್ರದ ಯಾವುದೇ ಲ್ಯಾಬಿನಲ್ಲೂ ಆಗುತ್ತವೆ. ರಾತ್ರಿ ಬೆವರಿನ ಜೊತೆ ಸಂಜೆ ಜ್ವರ, ಎರಡು ವಾರಕ್ಕಿಂತ ಹೆಚ್ಚು ದಿನದ ಕೆಮ್ಮು, ತೂಕ ಇಳಿಯುವುದು ಇದ್ದರೆ ಕ್ಷಯಕ್ಕೆ ಕಫ ಪರೀಕ್ಷೆ ಮಾಡಿಸಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ.

ಮಂಡಿ, ಸೊಂಟದ ನೋವಿನ ಬಗ್ಗೆ ನಮ್ಮ ಜಿಲ್ಲೆಗಳಿಗೇ ಸೇರಿದ ಒಂದು ಮಾತಿದೆ. ಚಿಕ್ಕಬಳ್ಳಾಪುರ, ಕೋಲಾರ, ಆ ಕಡೆ ಪಾವಗಡದಲ್ಲಿ ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಚಿಕ್ಕಂದಿನಿಂದ ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಂದು ಗೆರೆ ಕಾಣಬಹುದು. ಫ್ಲೋರೈಡ್ ತೀರಾ ಹೆಚ್ಚಿರುವ ಕಡೆ ಬೆನ್ನು, ಕೀಲುಗಳೂ ಬಿಗಿಯುತ್ತವೆ. ಮುಟ್ಟು ನಿಲ್ಲುವಾಗ ಕೀಲುನೋವು ಬರುವುದು ನಿಜ. ಆದರೆ ಬೆಳಿಗ್ಗೆ ಎದ್ದಾಗ ಬೆನ್ನು ಬಗ್ಗಿಸಲಾಗದ ಬಿಗಿತ ಇದ್ದರೆ ನೀವು ಕುಡಿಯುವ ನೀರು ಬೋರಿನದೋ, ಶುದ್ಧ ನೀರಿನ ಘಟಕದ್ದೋ ಎನ್ನುವುದನ್ನೂ ಡಾಕ್ಟರಿಗೆ ಹೇಳಿ.

ಇನ್ನು ‘ಸಹಜ’ ಎನ್ನುವ ಉತ್ತರದ ಬಗ್ಗೆ. ನಿಮ್ಮ ಡಾಕ್ಟರ್ ಸುಳ್ಳು ಹೇಳಲಿಲ್ಲ. ಮುಟ್ಟು ನಿಲ್ಲುವುದು ಸಹಜವೇ. ಹೆರಿಗೆಯೂ ಸಹಜ. ಹೆರಿಗೆ ನೋವು ಬಂದವಳನ್ನು ಸಹಜ ಎಂದು ಮನೆಗೆ ಕಳಿಸುತ್ತೇವಾ? ಯಾಕೆ ಹೀಗಾಗುತ್ತದೆ ಎಂದು ನಿಮಗೆ ಗೊತ್ತಿರಲಿ. ಎಂಬಿಬಿಎಸ್ ಓದುವಾಗ ಬಸುರಿ, ಬಾಣಂತಿ, ಸೋಂಕು ಇವುಗಳ ಮೇಲೆ ತಿಂಗಳುಗಟ್ಟಲೆ ಪಾಠ ಇರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನ ಮೇಲೆ ತೀರಾ ಕಡಿಮೆ. ಸರ್ಕಾರಿ ವ್ಯವಸ್ಥೆಯೂ ತಾಯಿ ಕಾರ್ಡಿನ ಸುತ್ತಲೇ ಕಟ್ಟಿದ್ದು. ಆಶಾ ಕಾರ್ಯಕರ್ತೆ ಬಸುರಿಯ ಮನೆ ಬಾಗಿಲಿಗೆ ಬರುತ್ತಾರೆ, ಕೂಸಿಗೆ ಲಸಿಕೆ ಹಾಕಿಸುತ್ತಾರೆ. ಕೊನೆಯ ಮಗುವಾಗಿ ಆಪರೇಷನ್ ಆದ ಮೇಲೆ ಆ ಹೆಂಗಸು ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಇನ್ನು ಕ್ಲಿನಿಕ್ಕಿನಲ್ಲಿ ಏನಾಗುತ್ತದೆ? ಹೆಂಗಸರು ಅತ್ತೆಯ ಕೆಮ್ಮಿಗೋ ಮೊಮ್ಮಗುವಿನ ಜ್ವರಕ್ಕೋ ಬಂದು, ಚೀಟಿ ಕೈಗೆ ತಗೊಂಡು, ಎದ್ದು ನಿಂತು, ಬಾಗಿಲ ಪರದೆ ಸರಿಸುತ್ತಾ ‘ನನಗೂ ಸ್ವಲ್ಪ ಸುಸ್ತು ಡಾಕ್ಟ್ರೇ’ ಅನ್ನುತ್ತಾರೆ. ಹೊರಗೆ ಜನ ಕಾಯುತ್ತಿರುತ್ತಾರೆ. ಒಂದು ಟಾನಿಕ್ ಬರೆದರೆ ಅಲ್ಲಿಗೆ ಮುಗಿಯಿತು. ಹೀಗೆ ನಿದ್ದೆಗೊಂದು, ನೋವಿಗೊಂದು, ಎದೆಗೊಂದು ಮಾತ್ರೆ ಸೇರುತ್ತಾ ಹೋಗುತ್ತದೆ. ಎಲ್ಲವನ್ನೂ ಒಟ್ಟಿಗೆ ನೋಡುವವರು ಇರುವುದಿಲ್ಲ.

ಅದಕ್ಕೆ ಈ ಸಲ ನೀವು ಬೇರೆ ಥರ ಹೋಗಿ. ಸಂತೆಯ ದಿನ, ಸೋಮವಾರ ಬೆಳಿಗ್ಗೆ ಬೇಡ. ಮೊದಲೇ ಒಂದು ಮಾತು ಹೇಳಿಟ್ಟು ಬನ್ನಿ: ‘ಡಾಕ್ಟ್ರೇ, ಮುಟ್ಟು ನಿಲ್ಲೋ ತೊಂದರೆ ಬಗ್ಗೆ ಮಾತಾಡಬೇಕು, ಬೇರೆ ಯಾವುದಕ್ಕೂ ಅಲ್ಲ. ಹತ್ತು ನಿಮಿಷ ಬೇಕು. ಯಾವಾಗ ಬರಲಿ?’ ಇಷ್ಟು ಕೇಳಿದರೆ ಹೆಚ್ಚಿನ ಡಾಕ್ಟರುಗಳು ಸಮಯ ಕೊಡುತ್ತಾರೆ. ಹೋಗುವ ಮೊದಲು ಎರಡು ವಾರ ಗೋಡೆ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಗೀಟು ಹಾಕಿ. ಹಗಲು ಎಷ್ಟು ಸಲ ಝಳ ಹೊಡೆಯಿತೋ ಮೇಲೆ ಅಷ್ಟು ಗೀಟು, ರಾತ್ರಿ ಎಷ್ಟು ಸಲ ಎದ್ದಿರೋ ಕೆಳಗೆ ಅಷ್ಟು ಗೀಟು. ಮುಟ್ಟಾದರೆ ಸುತ್ತ ಒಂದು ವೃತ್ತ. ಆ ಹಾಳೆ ಹರಿದುಕೊಂಡು ಹೋಗಿ ಮೇಜಿನ ಮೇಲಿಡಿ. ಇದನ್ನು ನೋಡಿದ ಮೇಲೆ ‘ಸ್ವಲ್ಪ ಸುಸ್ತು’ ಎಂದು ಯಾರೂ ಬರೆಯುವುದಿಲ್ಲ. ಔಷಧಿ ಶುರುವಾದ ಮೇಲೆ ಕಡಿಮೆ ಆಯಿತೋ ಇಲ್ಲವೋ ಎನ್ನುವುದಕ್ಕೂ ಅದೇ ಅಳತೆ.

ಗಂಡಸು ಡಾಕ್ಟರ್ ಎನ್ನುವ ಸಂಕೋಚ ನನಗೆ ಅರ್ಥವಾಗುತ್ತದೆ. ಬಾಯಿ ಬಾರದಿದ್ದರೆ ಇಲ್ಲಿಗೆ ಬರೆದಂತೆಯೇ ಒಂದು ಚೀಟಿಯಲ್ಲಿ ಬರೆದು ಕೊಡಿ. ನರ್ಸ್ ಪಕ್ಕದಲ್ಲಿ ಇರಲಿ ಎಂದು ಕೇಳುವುದು ನಿಮ್ಮ ಹಕ್ಕು. ಮಾತಾಡುವುದಕ್ಕೆ, ಮಾತ್ರೆ ಬರೆಯುವುದಕ್ಕೆ ಒಳಪರೀಕ್ಷೆ ಬೇಕಾಗುವುದು ಕಡಿಮೆ. ಎದೆ ಮತ್ತು ಗರ್ಭಕಂಠದ ತಪಾಸಣೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೋ ತಾಲ್ಲೂಕು ಆಸ್ಪತ್ರೆಯಲ್ಲೋ ಲೇಡಿ ಡಾಕ್ಟರ್ ಹತ್ತಿರ ಮಾಡಿಸಿಕೊಂಡು ಬಂದರಾಯಿತು. 30 ದಾಟಿದ ಹೆಂಗಸರಿಗೆ ಬಿಪಿ, ಸಕ್ಕರೆ, ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. 2023ರ ಜೂನ್‌ನಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮಗೆ ಟಿಕೆಟ್ ದುಡ್ಡೂ ಇಲ್ಲ.

ಈಗ ಓರಗಿತ್ತಿಯವರ ಸಲಹೆ. ದಯವಿಟ್ಟು ಆ ದಾರಿ ಹಿಡಿಯಬೇಡಿ. ನಿಮ್ಮ ತೊಂದರೆ ಗರ್ಭಕೋಶದಿಂದ ಬಂದದ್ದಲ್ಲ, ಅಂಡಾಶಯದ ಹಾರ್ಮೋನ್ ಇಳಿದದ್ದರಿಂದ ಬಂದದ್ದು. ಗರ್ಭಕೋಶ ತೆಗೆದರೆ ಝಳ ನಿಲ್ಲುವುದಿಲ್ಲ. ಅದರ ಜೊತೆ ಅಂಡಾಶಯವನ್ನೂ ತೆಗೆದರೆ ಉಳಿದಿದ್ದ ಈಸ್ಟ್ರೋಜನ್ ಒಂದೇ ದಿನದಲ್ಲಿ ಹೋಗಿ ತೊಂದರೆ ಇನ್ನೂ ಜೋರಾಗುತ್ತದೆ. ‘ಮುಟ್ಟು ನಿಂತರೆ ಕೆಟ್ಟ ರಕ್ತ ಒಳಗೇ ಉಳಿಯುತ್ತದೆ’, ‘ಮಕ್ಕಳಾದ ಮೇಲೆ ಗರ್ಭಕೋಶ ಇದ್ದರೆ ಕ್ಯಾನ್ಸರ್’ ಎನ್ನುವ ಮಾತುಗಳು ಎಷ್ಟು ಹೆಂಗಸರನ್ನು ಆಪರೇಷನ್ ಟೇಬಲ್ಲಿಗೆ ಕಳಿಸಿವೆಯೋ! ಎರಡೂ ಸುಳ್ಳು. ಅನಗತ್ಯ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಇಲಾಖೆ 2022ರಲ್ಲಿ ಮಾರ್ಗಸೂಚಿ ತಂದಿತು. ಅದನ್ನು ಮೂರು ತಿಂಗಳೊಳಗೆ ಜಾರಿ ಮಾಡಿ ಎಂದು 2023ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಸಮಸ್ಯೆ ಅಷ್ಟು ದೊಡ್ಡದು. ಗಡ್ಡೆ ಇದ್ದು ತೀರಾ ರಕ್ತಸ್ರಾವ, ಗರ್ಭಕೋಶ ಜಾರಿರುವುದು, ಕ್ಯಾನ್ಸರ್ ಇಂಥ ಕಾರಣಗಳಿಗೆ ಆಪರೇಷನ್ ಬೇಕಾಗಬಹುದು. ಆಗಲೂ ಮಾತ್ರೆ, ಹಾರ್ಮೋನ್ ಇರುವ ಕಾಪರ್-ಟಿಯಂಥ ಸಾಧನ, ಇವನ್ನು ನೋಡಿ ಆದ ಮೇಲೆ.

ಓರಗಿತ್ತಿಯವರ ಬಗ್ಗೆಯೇ ನನಗೆ ಇನ್ನೊಂದು ಚಿಂತೆ ಇದೆ. 38ಕ್ಕೆ ಗರ್ಭಕೋಶ ತೆಗೆಸುವಾಗ ಅಂಡಾಶಯವನ್ನೂ ತೆಗೆದರಾ? ಡಿಸ್ಚಾರ್ಜ್ ಸಮ್ಮರಿ ಇದ್ದರೆ ಅದರಲ್ಲಿ ಬರೆದಿರುತ್ತದೆ. ತೆಗೆದಿದ್ದರೆ ಅವರಿಗೆ ಈಸ್ಟ್ರೋಜನ್ ಇಲ್ಲದ ವರ್ಷಗಳು ನಿಮಗಿಂತ ತುಂಬಾ ಹೆಚ್ಚು. ಮೂಳೆ ಸವೆಯುವುದು, ಹೃದಯದ ಕಾಯಿಲೆ ಎರಡರ ಅಪಾಯವೂ ಹೆಚ್ಚು. ಅಂಥವರಿಗೆ, ಬೇಡ ಎನ್ನುವ ಕಾರಣ ಇಲ್ಲದಿದ್ದರೆ, ಸಹಜವಾಗಿ ಮುಟ್ಟು ನಿಲ್ಲುವ ವಯಸ್ಸಿನವರೆಗಾದರೂ ಹಾರ್ಮೋನ್ ಕೊಡಬೇಕು ಎನ್ನುವುದು ಒಪ್ಪಿತ ಪದ್ಧತಿ. ಅವರನ್ನೂ ಜೊತೆಗೆ ಕರೆದುಕೊಂಡು ಹೋಗಿ. ನಿಜ ಹೇಳಬೇಕೆಂದರೆ ಆ ಕ್ಲಿನಿಕ್ಕಿನಲ್ಲಿ ಮೊದಲು ಕೂರಬೇಕಾದವರು ಅವರು.

ಹಾರ್ಮೋನ್ ಮತ್ತು ಕ್ಯಾನ್ಸರ್ ವಿಷಯ ಸ್ವಲ್ಪ ನಿಧಾನವಾಗಿ ನೋಡೋಣ, ಏಕೆಂದರೆ ಡಾಕ್ಟರುಗಳಿಗೂ ಇರುವ ಭಯ ಇದೇ. ಈ ಭಯ ಹುಟ್ಟಿದ್ದು 2002ರಲ್ಲಿ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಷಿಯೇಟಿವ್ ಎನ್ನುವ ದೊಡ್ಡ ಅಧ್ಯಯನದಲ್ಲಿ ಈಸ್ಟ್ರೋಜನ್ ಮತ್ತು ಪ್ರೊಜೆಸ್ಟಿನ್ (ಪ್ರೊಜೆಸ್ಟರಾನ್ ಎನ್ನುವ ಇನ್ನೊಂದು ಹಾರ್ಮೋನಿನಂತೆ ಕೆಲಸ ಮಾಡುವ ಔಷಧಿ) ಎರಡೂ ಸೇರಿದ ಮಾತ್ರೆ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವುದು ಹೆಚ್ಚಾಗಿ ಕಂಡಿತು. ಆ ಭಾಗವನ್ನು ನಡುವೆಯೇ ನಿಲ್ಲಿಸಿದರು. ಸುದ್ದಿ ಲೋಕವೆಲ್ಲಾ ಹರಡಿತು, ಔಷಧಿ ಬರೆಯುವುದೇ ನಿಂತಂತಾಯಿತು. ಆದರೆ ಹೆಚ್ಚು ಎಂದರೆ ಎಷ್ಟು? 10,000 ಹೆಂಗಸರು ಒಂದು ವರ್ಷ ತೆಗೆದುಕೊಂಡರೆ ಸ್ತನ ಕ್ಯಾನ್ಸರ್ ಮಾಮೂಲಿಗಿಂತ 8 ಮಂದಿಗೆ ಹೆಚ್ಚು. ಆ ಅಧ್ಯಯನದಲ್ಲಿದ್ದವರ ಸರಾಸರಿ ವಯಸ್ಸು 63. ಹೆಚ್ಚಿನವರಿಗೆ ಮುಟ್ಟು ನಿಂತು ಹತ್ತು ವರ್ಷ ದಾಟಿತ್ತು. ನಿಮ್ಮಂತೆ 47ರವರಲ್ಲ. ಗರ್ಭಕೋಶ ಇಲ್ಲದೆ ಈಸ್ಟ್ರೋಜನ್ ಮಾತ್ರ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚಾಗಲೇ ಇಲ್ಲ. ಆಮೇಲಿನ ವರ್ಷಗಳಲ್ಲಿ ಅದೇ ಲೆಕ್ಕವನ್ನು ವಯಸ್ಸಿನ ಪ್ರಕಾರ ಬಿಡಿಸಿ ನೋಡಿದಾಗ ಚಿತ್ರ ಬದಲಾಯಿತು. 60ರ ಒಳಗಿನವರಿಗೆ, ಇಲ್ಲವೇ ಮುಟ್ಟು ನಿಂತು 10 ವರ್ಷ ಆಗದವರಿಗೆ, ತೊಂದರೆ ಜಾಸ್ತಿ ಇದ್ದು ಬೇರೆ ಅಡ್ಡಿ ಇಲ್ಲದಿದ್ದರೆ, ಅಪಾಯಕ್ಕಿಂತ ಲಾಭವೇ ಹೆಚ್ಚು ಎನ್ನುವುದು ಈಗ ಮೆನೋಪಾಸ್ (ಮುಟ್ಟು ನಿಲ್ಲುವುದು) ತಜ್ಞರ ಸಂಘಗಳೆಲ್ಲ ಒಪ್ಪಿರುವ ಮಾತು.

ಹಾಗಂತ ಅಪಾಯವೇ ಇಲ್ಲ ಎಂದು ನಾನು ಹೇಳುವುದಿಲ್ಲ. ಎರಡೂ ಹಾರ್ಮೋನ್ ವರ್ಷಗಟ್ಟಲೆ ತೆಗೆದುಕೊಂಡರೆ ಸ್ತನ ಕ್ಯಾನ್ಸರಿನ ಅಪಾಯ ಸ್ವಲ್ಪ ಏರುತ್ತದೆ. ಬಾಯಿಂದ ತೆಗೆದುಕೊಳ್ಳುವ ಈಸ್ಟ್ರೋಜನ್‌ನಿಂದ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇದೆ. ಚರ್ಮಕ್ಕೆ ಹಚ್ಚುವ ಜೆಲ್‌ನಲ್ಲಿ ಅದು ಹಾಗೆ ಏರುವುದಿಲ್ಲ. ನಿಮಗೆ ಬಿಪಿ ಇರುವುದರಿಂದ, ನಾನಾಗಿದ್ದರೆ ಮೊದಲು ಬಿಪಿ ಹತೋಟಿಗೆ ತಂದು, ಆಮೇಲೆ ಜೆಲ್ ಕಡೆಗೇ ಒಲವು ತೋರಿಸುತ್ತೇನೆ. ಬಿಪಿ ಇದೆ ಎನ್ನುವ ಒಂದೇ ಕಾರಣಕ್ಕೆ ಹಾರ್ಮೋನ್ ನಿಷೇಧ ಅಲ್ಲ. ನಿಷೇಧ ಇರುವುದು ಸ್ತನ ಕ್ಯಾನ್ಸರ್ ಆದವರಿಗೆ, ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ, ರಕ್ತ ಹೆಪ್ಪುಗಟ್ಟಿದವರಿಗೆ, ಲಿವರ್ ಕಾಯಿಲೆ ಜೋರಾಗಿ ಇರುವವರಿಗೆ, ಕಾರಣ ಗೊತ್ತಿಲ್ಲದ ರಕ್ತಸ್ರಾವ ಇರುವವರಿಗೆ. ಮನೆಯಲ್ಲಿ ತಾಯಿಗೋ ಅಕ್ಕತಂಗಿಗೋ ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನು ಮರೆಯದೆ ಹೇಳಿ.

ನಿಮಗೆ ಗರ್ಭಕೋಶ ಇರುವುದರಿಂದ ಈಸ್ಟ್ರೋಜನ್ ಒಂದನ್ನೇ ಕೊಡುವ ಹಾಗಿಲ್ಲ. ಗರ್ಭಕೋಶದ ಒಳಪದರ ದಪ್ಪವಾಗಿ ಅಲ್ಲಿ ಕ್ಯಾನ್ಸರ್ ಹುಟ್ಟಬಹುದು. ಅದನ್ನು ತಡೆಯಲು ಪ್ರೊಜೆಸ್ಟರಾನ್ ಮಾತ್ರೆ ಜೊತೆಗೆ ಇರಲೇಬೇಕು. ಇದೊಂದನ್ನು ನೆನಪಿಡಿ: ಮೆಡಿಕಲ್ ಸ್ಟೋರಿನಲ್ಲಿ ಒಂದು ಸಿಕ್ಕಿತು, ಇನ್ನೊಂದು ಸಿಗಲಿಲ್ಲ ಎಂದು ಒಂದನ್ನೇ ಮುಂದುವರಿಸಬಾರದು. ಮುಟ್ಟು ಪೂರ್ತಿ ನಿಲ್ಲದವರಿಗೆ ಸಾಮಾನ್ಯವಾಗಿ ಪ್ರೊಜೆಸ್ಟರಾನನ್ನು ತಿಂಗಳಲ್ಲಿ 12ರಿಂದ 14 ದಿನ ಕೊಡುತ್ತಾರೆ. ಆಗ ತಿಂಗಳಿಗೊಮ್ಮೆ ಸ್ವಲ್ಪ ಹೋಗಬಹುದು. ಮೊದಲೇ ಗೊತ್ತಿದ್ದರೆ ಹೆದರುವುದಿಲ್ಲ, ಅಲ್ವಾ? ಝಳಕ್ಕೆ ಇದರಷ್ಟು ಚೆನ್ನಾಗಿ ಕೆಲಸ ಮಾಡುವ ಔಷಧಿ ಇನ್ನೊಂದಿಲ್ಲ. ಹತ್ತು ಸಲ ಬರುವುದು ಎರಡು ಮೂರಕ್ಕೆ ಇಳಿಯುತ್ತದೆ. ಕೆಲವು ವಾರ ಬೇಕು, ಪೂರ್ತಿ ಗುಣ ಕಾಣಲು ಮೂರು ತಿಂಗಳು ಕೊಡಿ. ಈ ಮಾತ್ರೆಗಳು ಬಸುರಾಗುವುದನ್ನು ತಡೆಯುವುದಿಲ್ಲ. ಮಕ್ಕಳಾಗದ ಆಪರೇಷನ್ ಆಗಿಲ್ಲದಿದ್ದರೆ 50ರ ಒಳಗಿನವರು ಕೊನೆಯ ಮುಟ್ಟಿನ ನಂತರ ಎರಡು ವರ್ಷ ಎಚ್ಚರ ವಹಿಸಬೇಕು.

ಹಾರ್ಮೋನ್ ಬೇಡ ಎನಿಸಿದರೆ, ಅಥವಾ ಆಗದಿದ್ದರೆ, ಬೇರೆ ದಾರಿ ಇದೆ. ಮನಸ್ಸಿನ ಖಿನ್ನತೆಗೆ ಕೊಡುವ ಎಸಿಟಲೋಪ್ರಾಮ್, ವೆನ್ಲಾಫ್ಯಾಕ್ಸಿನ್‌ನಂಥ ಮಾತ್ರೆಗಳು ಸಣ್ಣ ಡೋಸಿನಲ್ಲಿ ಝಳವನ್ನೂ ತಗ್ಗಿಸುತ್ತವೆ. ಅದನ್ನು ಬರೆದರೆ ‘ನನ್ನನ್ನು ಹುಚ್ಚಿ ಅಂದುಕೊಂಡರು’ ಎಂದು ನೊಂದುಕೊಳ್ಳಬೇಡಿ. ವೆನ್ಲಾಫ್ಯಾಕ್ಸಿನ್ ಬಿಪಿ ಏರಿಸಬಹುದು, ನಿಮ್ಮ ವಿಷಯದಲ್ಲಿ ಅದು ಮೊದಲ ಆಯ್ಕೆ ಅಲ್ಲ. ರಾತ್ರಿ ಬೆವರೇ ಹೆಚ್ಚಿದ್ದರೆ ಗ್ಯಾಬಪೆಂಟಿನ್ ಮಲಗುವಾಗ ಕೊಡುತ್ತಾರೆ, ತಲೆ ಸುತ್ತು ಬರಬಹುದು. ಈಗ ತೆಗೆದುಕೊಳ್ಳುತ್ತಿರುವ ನಿದ್ದೆ ಮಾತ್ರೆಯ ಹೆಸರು ನೋಡಿ. ಆಲ್‌ಪ್ರಾಜೊಲಾಮ್ ಥರದ್ದಾದರೆ ಅಭ್ಯಾಸ ಹತ್ತುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ತಟ್ಟನೆ ನಿಲ್ಲಿಸದೆ ಡಾಕ್ಟರ್ ಹೇಳಿದಂತೆ ನಿಧಾನವಾಗಿ ಇಳಿಸಿ. ಬೇಸರ ತೀರಾ ಕವಿದು ಬದುಕೇ ಬೇಡ ಅನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಲೇಹ್ಯ, ಪುಡಿ, ಹೆಸರಿಲ್ಲದ ಡಬ್ಬಿ ಔಷಧಿಗಳಿಗೆ ದುಡ್ಡು ಸುರಿಯಬೇಡಿ. ಒಳಗೆ ಏನು ಬೆರೆಸಿದ್ದಾರೆ ಎಂದು ತಿಳಿಯುವುದಿಲ್ಲ, ಕೆಲವದರಲ್ಲಿ ಸ್ಟೆರಾಯ್ಡ್ ಇರುತ್ತದೆ.

ನೀವು ಯಾರಿಗೂ ಹೇಳಿಕೊಳ್ಳದ ಆ ಉರಿ, ನೋವಿಗೆ ತುಂಬಾ ಸುಲಭ ಪರಿಹಾರ ಇದೆ. ಈಸ್ಟ್ರೋಜನ್ ಇಲ್ಲದೆ ಯೋನಿಯ ಒಳಚರ್ಮ ತೆಳುವಾಗಿ ಒಣಗುತ್ತದೆ. ಪದೇಪದೇ ಉರಿಮೂತ್ರ ಬರುವುದೂ ಇದರಿಂದ ಇರಬಹುದು. ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಸಿಗುತ್ತದೆ. ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆ ಎರಡು ಸಲ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಹಾಗಾಗಿ ಮಾತ್ರೆಯ ಭಯ ಇದಕ್ಕೆ ಇಲ್ಲ. ಝಳ ವರ್ಷಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ, ಆದರೆ ಈ ಒಣಗುವಿಕೆ ಚಿಕಿತ್ಸೆ ಇಲ್ಲದೆ ಹೋಗುವುದಿಲ್ಲ. ಇದನ್ನು ನಿಮ್ಮ ಯಜಮಾನರಿಗೂ ಹೇಳಿ. ‘ಇಷ್ಟ ಇಲ್ಲ’ ಎಂದು ಅವರು ತಪ್ಪು ತಿಳಿದುಕೊಂಡಿರಬಹುದು.

ಮೂಳೆಗೆ ಮಾತ್ರೆಗಿಂತ ಮೊದಲು ಮುದ್ದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಅದೆಲ್ಲವೂ ಮೈಗೆ ಹತ್ತುವುದಿಲ್ಲ ನಿಜ, ಆದರೂ ಅಕ್ಕಿಗೆ ಹೋಲಿಸುವ ಹಾಗೇ ಇಲ್ಲ. ಜೊತೆಗೆ ಹಾಲು, ಮೊಸರು, ನುಗ್ಗೆಸೊಪ್ಪು, ಎಳ್ಳು. ಡೇರಿಗೆ ಹಾಕುವ ಹಾಲಿನಲ್ಲಿ ನಿಮಗೂ ಒಂದು ಲೋಟ ಉಳಿಸಿಕೊಳ್ಳಿ. ಒಳಗೇ ಕೂತು ಕೆಲಸ ಮಾಡುವವರಿಗೆ ವಿಟಮಿನ್ ಡಿ ಕಡಿಮೆ ಇರುತ್ತದೆ, ಡಾಕ್ಟರ್ ನೋಡಿ ಕೊಡಲಿ. ಕೆಲಸದಲ್ಲಿ, ಗೂಡು ಬೇಯಿಸುವ ಸರದಿಯನ್ನು ಬೆಳಗಿನ ತಂಪು ಹೊತ್ತಿಗೆ ಇಟ್ಟುಕೊಳ್ಳಿ, ಉಳಿದ ಹೊತ್ತು ಮನೆಯವರು ಹಂಚಿಕೊಳ್ಳಲಿ. ತೆಳು ಹತ್ತಿ ಬಟ್ಟೆ, ಪಕ್ಕದಲ್ಲಿ ತಣ್ಣೀರಿನ ಚೊಂಬು.

ಒಂದು ವೇಳೆ ನಿಮ್ಮ ಡಾಕ್ಟರ್ ‘ಹಾರ್ಮೋನ್ ನಾನು ಬರೆಯುವುದಿಲ್ಲಮ್ಮ’ ಅಂದರೆ ಬೇಜಾರಾಗಬೇಡಿ. ‘ತಾಲ್ಲೂಕು ಆಸ್ಪತ್ರೆಯ ಲೇಡಿ ಡಾಕ್ಟರಿಗೆ ಒಂದು ಚೀಟಿ ಬರೆದುಕೊಡಿ. ಅವರು ಶುರು ಮಾಡಲಿ, ಆಮೇಲೆ ನೀವೇ ನೋಡಿಕೊಳ್ಳಿ’ ಎಂದು ಕೇಳಿ. ಹಿಂದಿರುಗಿ ಬರುವಾಗ ಏನು ಕೊಟ್ಟರು, ಎಷ್ಟು ಕೊಟ್ಟರು ಎಂದು ಬರೆಸಿಕೊಂಡೇ ಬನ್ನಿ. ಆರೋಗ್ಯ ಕೇಂದ್ರದಲ್ಲಿ ಇ-ಸಂಜೀವಿನಿ ಮೂಲಕ ದೂರದ ತಜ್ಞರ ಜೊತೆ ವಿಡಿಯೊದಲ್ಲಿ ಮಾತಾಡಿಸುವ ಸೌಲಭ್ಯವೂ ಇದೆ. ಶುರುವಾದ ಮೂರು ತಿಂಗಳಿಗೆ ಒಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಬಿಪಿ, ತೂಕ, ಸ್ತನ ತಪಾಸಣೆ. ಇಷ್ಟು ನಿಮ್ಮ ಊರಿನಲ್ಲೇ ಆಗುತ್ತದೆ. ಝಳ ಸರಾಸರಿ ಏಳು ವರ್ಷದವರೆಗೂ ಇರಬಹುದಾದ್ದರಿಂದ, ಯಾವಾಗ ನಿಲ್ಲಿಸುವುದು ಎನ್ನುವುದನ್ನೂ ಪ್ರತಿ ವರ್ಷ ಕೂತು ನಿರ್ಧರಿಸಬೇಕು.

ಕಾಯದೆ ತಜ್ಞರ ಹತ್ತಿರ ಹೋಗಬೇಕಾದ ಸಂದರ್ಭಗಳು ಕೆಲವು. 12 ತಿಂಗಳು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿಯಾದರೂ, ಸ್ಕ್ಯಾನಿಂಗ್ ಆಗಲೇಬೇಕು. ಹೆಚ್ಚಿನವರಿಗೆ ಏನೂ ಇರುವುದಿಲ್ಲ, ಆದರೆ ಗರ್ಭಕೋಶದ ಕ್ಯಾನ್ಸರ್ ತನ್ನ ಸುಳಿವು ಕೊಡುವುದು ಹೀಗೆಯೇ. ಎದೆಯಲ್ಲಿ ಗಂಟು, ಒಂದೇ ಕಾಲು ಊದಿ ನೋವು, ಎದೆನೋವು, ಮಾತು ತೊದಲುವುದು ಇವಕ್ಕೂ ತಡ ಮಾಡಬೇಡಿ. 40ರ ಒಳಗೇ ಮುಟ್ಟು ನಿಂತವರು ಕೂಡ ಒಮ್ಮೆ ತಜ್ಞರನ್ನು ಕಾಣಬೇಕು.

ಇದನ್ನು ಓದುವ ಈ ಭಾಗದ ವೈದ್ಯರಲ್ಲಿ ಒಂದು ಮನವಿ. ಬಿಪಿ, ಸಕ್ಕರೆಗೆ ತಿಂಗಳು ತಿಂಗಳು ಬರುವ ಹೆಂಗಸರು ನಮ್ಮ ಮುಂದೆಯೇ ಕೂತಿರುತ್ತಾರೆ. 40 ದಾಟಿದವರಿಗೆ ತೋಳಿಗೆ ಬಿಪಿ ಪಟ್ಟಿ ಕಟ್ಟುವಾಗಲೇ ‘ಮುಟ್ಟು ಹೇಗಿದೆ? ರಾತ್ರಿ ನಿದ್ದೆ ಬರುತ್ತಾ? ಮೈ ಬಿಸಿಯಾಗುತ್ತಾ?’ ಎಂದು ಕೇಳೋಣ. ಅರ್ಧ ನಿಮಿಷದ ಕೆಲಸ. ಆಶಾ ಕಾರ್ಯಕರ್ತೆಯರೂ ಮನೆಮನೆಗೆ ಬಿಪಿ, ಸಕ್ಕರೆ ಪಟ್ಟಿ ಹಿಡಿದು ಹೋಗುವಾಗ ಇದೇ ಮೂರು ಪ್ರಶ್ನೆ ಸೇರಿಸಿಕೊಳ್ಳಬಹುದು. ಹೂಂ ಎಂದವರಿಗೆ ಜನ ಕಡಿಮೆ ಇರುವ ಒಂದು ಮಧ್ಯಾಹ್ನ ಬರಲು ಹೇಳಿ, ಚೀಟಿಯ ಮೇಲೆ ದಿನಾಂಕ ಬರೆದು ಕೊಡೋಣ.